ಬಾಟಲಿ ಹಾಲು ಕುಡಿದು ಬೆಳೆದ ಹೋರಿಗರು ಗುದ್ದುತ್ತಿದೆ, ಏನು ಮಾಡಲಿ?

ಪ್ರಶ್ನೆ: ನಮ್ಮದು ಶಿಗ್ಗಾಂವಿ ತಾಲೂಕಿನ ಒಂದು ಹಳ್ಳಿ. ನಮ್ಮ ಆಕಳು ಕರು ಹಾಕಿದ ನಾಲ್ಕನೇ ದಿನ ತೀರಿಕೊಂಡಿತು. ಹುಟ್ಟಿದ್ದು ಹೋರಿಗರು. ಬಾಟಲಿಯಲ್ಲಿ ಹಾಲು ಕುಡಿಸಿ ನಾನೇ ಬೆಳೆಸಿದೆ. ಈಗ ನಾಲ್ಕು ತಿಂಗಳು ತುಂಬಿದೆ. ಇವತ್ತಿಗೂ ದಿನಕ್ಕೆ ಎರಡು ಬಾಟಲಿ, ಅಂದರೆ 4 ಲೀಟರ್ ಹಾಲು ಕೊಡುತ್ತೇನೆ. ಕೊಡದಿದ್ದರೆ ಓಣಿಗೆಲ್ಲ ಕೇಳುವ ಹಾಗೆ ಒದರುತ್ತದೆ. ಒಂದು ತಿಂಗಳಿಂದ ಯಾರು ಹತ್ತಿರ ಹೋದರೂ ತಲೆಯಿಂದ ಗುದ್ದುತ್ತದೆ, ಸೆರಗು ಬಾಯಿಗೆ ಹಾಕಿಕೊಂಡು ಚೀಪುತ್ತದೆ. ಹೋದ ವಾರ ಆರು ವರ್ಷದ ಮಗನನ್ನು ಕೆಡವಿತು. ಅತ್ತೆ "ಪಾಪ, ತಾಯಿ ಇಲ್ಲದ ಕೂಸು" ಎಂದು ರೊಟ್ಟಿ ತಿನ್ನಿಸಿ ಮುದ್ದು ಮಾಡುತ್ತಾರೆ. ನಮ್ಮ ಯಜಮಾನರು ಬಾರುಕೋಲು ಎತ್ತುತ್ತಾರೆ. ಮೈದುನ ಇದನ್ನು ಹಬ್ಬದ ಹೋರಿ ಮಾಡುತ್ತೇನೆ ಅನ್ನುತ್ತಾನೆ. ನನಗೆ ಭಯ ಹತ್ತಿದೆ. ಮಾರಿಬಿಡಬೇಕಾ?

ಉತ್ತರ: ಅಕ್ಕಾರ, ನಾಲ್ಕು ದಿನದ ತಬ್ಬಲಿ ಕರುವನ್ನು ನಾಲ್ಕು ತಿಂಗಳವರೆಗೆ ತಂದಿದ್ದೀರಿ. ಅದು ಸಣ್ಣ ಕೆಲಸ ಅಲ್ಲ. ಭೇದಿ ಹತ್ತಿ, ನ್ಯುಮೋನಿಯಾ ಆಗಿ ಮೊದಲ ತಿಂಗಳಲ್ಲೇ ಹೋಗಿಬಿಡುವ ಕರುಗಳನ್ನು ನಾನು ಧಾರವಾಡ, ಹಾವೇರಿ ಕಡೆ ಬಹಳ ನೋಡಿದ್ದೇನೆ. ಮನೆಮಂದಿಯನ್ನು ಗುದ್ದುವಷ್ಟು ಗಟ್ಟಿಯಾಗಿದೆ ಅಂದರೆ ಆರೈಕೆ ಚೆನ್ನಾಗಿಯೇ ಆಗಿದೆ. ಮಾರುವ ಮಾತು ಸದ್ಯಕ್ಕೆ ಬೇಡ. ಆದರೆ ನಿಮ್ಮ ಭಯ ಸರಿಯಾಗಿದೆ. ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ, ಅಪಾಯ ಕಂಡವರು ನೀವೊಬ್ಬರೇ.

ಇವತ್ತು ಅದು 60ರಿಂದ 80 ಕೆ.ಜಿ. ಇರಬಹುದು. ಬೆಳೆದ ಮೇಲೆ ನಾಲ್ಕೈದು ಕ್ವಿಂಟಾಲ್ ಆಗುತ್ತದೆ. ಈಗ ಮಗನನ್ನು ಕೆಡವಿದ ಅದೇ ಗುದ್ದು ಆಗ ದೊಡ್ಡ ಮನುಷ್ಯನನ್ನು ಗೋಡೆಗೆ ಒತ್ತಿ ಪಕ್ಕೆಲುಬು ಮುರಿಯುತ್ತದೆ. ಕರುವಿನ ಲೆಕ್ಕದಲ್ಲಿ ಮಾತ್ರ ಅದು ಸಣ್ಣಂದಿನಿಂದ ಆಡಿಕೊಂಡು ಬಂದ ಆಟವೇ ಆಗಿರುತ್ತದೆ.

ಈ ಗುದ್ದು ಎಲ್ಲಿಂದ ಬಂತು ಅಂತ ತಿಳಿದರೆ ಅರ್ಧ ಕೆಲಸ ಆದಂತೆ. ಆಕಳ ಕೆಳಗೆ ಮೊಲೆ ಕುಡಿಯುವ ಕರುವನ್ನು ಒಮ್ಮೆ ಕೂತು ನೋಡಿ. ನಾಲ್ಕು ಸಲ ಚೀಪುತ್ತದೆ, ಆಮೇಲೆ ಕೆಚ್ಚಲಿಗೆ ಮೂತಿಯಿಂದ ಧಡ್ ಅಂತ ಗುದ್ದುತ್ತದೆ. ಆಕಳು ತೊರೆ ಬಿಡುತ್ತದೆ. ಹಾಲು ಕಡಿಮೆಯಾದ ಹಾಗೆ ಗುದ್ದು ಜಾಸ್ತಿಯಾಗುತ್ತದೆ. ಅದು ಸಿಟ್ಟೂ ಅಲ್ಲ, ಸೊಕ್ಕೂ ಅಲ್ಲ. "ಇನ್ನಷ್ಟು ಬಿಡವ್ವಾ" ಅಂತ ಕೇಳುವ ರೀತಿ. ನಿಮ್ಮ ಕರುವಿಗೆ ಹಾಲು ಬಂದದ್ದು ನಿಮ್ಮ ಕೈಯಿಂದ, ಸೊಂಟದ ಎತ್ತರದಿಂದ. ಹಾಗಾಗಿ ಕೈಗೆ, ಸೊಂಟಕ್ಕೆ, ತೊಡೆಗೆ ಗುದ್ದುತ್ತದೆ. ಮಗನ ಎದೆ ಅದೇ ಎತ್ತರದಲ್ಲಿ ಇರುತ್ತದೆ, ಅಲ್ವಾ?

ಚೀಪುವ ಚಟ ಇದಕ್ಕೆ ಅಂಟಿಕೊಂಡೇ ಬರುತ್ತದೆ. ತಾಯಿ ಹತ್ತಿರ ಇರುವ ಕರು ದಿನಕ್ಕೆ ಆರರಿಂದ ಹತ್ತು ಸಲ ಕುಡಿಯುತ್ತದೆ, ಒಂದೊಂದು ಸಲಕ್ಕೂ ಹತ್ತು ನಿಮಿಷದ ಹತ್ತಿರ. ಹಾಲಿನ ರುಚಿ ನಾಲಿಗೆಗೆ ಬಿದ್ದ ತಕ್ಷಣ ಚೀಪುವ ಆಸೆ ಏರುತ್ತದೆ. ಅದು ತಾನಾಗಿ ಇಳಿಯಲು ಹತ್ತು ನಿಮಿಷ ಬೇಕು. ಹಾಲು ಎರಡೇ ನಿಮಿಷಕ್ಕೆ ಮುಗಿದರೆ ಹೊಟ್ಟೆ ತುಂಬುತ್ತದೆ, ಬಾಯಿಗೆ ಮಾತ್ರ ತೃಪ್ತಿ ಆಗಿರುವುದಿಲ್ಲ. ಉಳಿದ ಎಂಟು ನಿಮಿಷ ಸೆರಗು, ಬೆರಳು, ಹಗ್ಗ, ಇನ್ನೊಂದು ಕರುವಿನ ಹೊಕ್ಕಳು, ಹೀಗೆ ಸಿಕ್ಕಿದ್ದಕ್ಕೆ ಬಾಯಿ ಹಾಕುತ್ತದೆ.

ಕಲಘಟಗಿ ಹತ್ತಿರದ ಒಂದು ಮನೆಗೆ ಇದೇ ದೂರಿನ ಮೇಲೆ ಹೋಗಿದ್ದೆ. ಎರಡು ತಿಂಗಳ ಎಚ್‌ಎಫ್ ಕ್ರಾಸ್ (ಹೋಲ್‌ಸ್ಟೀನ್ ಫ್ರೀಸಿಯನ್ ಎಂಬ ವಿದೇಶಿ ತಳಿಯ ಮಿಶ್ರ) ಕರು. ಸಂಜೆ ಹಾಲಿನ ಹೊತ್ತು. ಮನೆಯ ಯಜಮಾನಿ 2 ಲೀಟರ್ ಬಾಟಲಿ ತಂದು ಬಾಯಿಗಿಟ್ಟರು. ನಾನು ಕೈಗಡಿಯಾರ ನೋಡಿದೆ. ಒಂದೂವರೆ ನಿಮಿಷಕ್ಕೆ ಬಾಟಲಿ ಖಾಲಿ. ಬಾಯಿ ಸುತ್ತ ನೊರೆ, ನಾಲಿಗೆ ಇನ್ನೂ ಹೊರಗೆ ಸುತ್ತುತ್ತಿತ್ತು. ಬಾಟಲಿ ಎಳೆದುಕೊಂಡದ್ದೇ ತಡ, ಅವರ ಮೊಣಕಾಲುಗಳ ನಡುವೆ ತಲೆ ತೂರಿಸಿ ಮೇಲಕ್ಕೆ ಎತ್ತಿತು. ಆಮೇಲೆ ಸೆರಗಿಗೆ ಬಂತು, ಆಮೇಲೆ ನನ್ನ ಬೂಟಿನ ಲೇಸಿಗೆ, ಕೊನೆಗೆ ಗೂಟದ ಹಗ್ಗಕ್ಕೆ. ನಾನು ನಿಪ್ಪಲ್ ಬಿಚ್ಚಿ ನೋಡಿದೆ. ತೂತು ಜೋಳದ ಕಾಳು ಹಿಡಿಸುವಷ್ಟು ದೊಡ್ಡದಿತ್ತು. "ಬೇಗ ಕುಡೀಲಿ ಅಂತ ದಬ್ಬಣ ಕಾಯಿಸಿ ದೊಡ್ಡದು ಮಾಡೇವ್ರಿ" ಅಂದರು. ಬೆಳಗ್ಗೆ ಡೇರಿಗೆ ಹಾಲು ಹಾಕುವ ಗಡಿಬಿಡಿಯಲ್ಲಿ ಬಹಳ ಮನೆಗಳಲ್ಲಿ ಹೀಗೆ ಮಾಡುತ್ತಾರೆ. ಹೊಸ ನಿಪ್ಪಲ್ ಹಾಕಿದ ಮೇಲೆ ಅದೇ 2 ಲೀಟರ್ ಕುಡಿಯಲು ಆರು ನಿಮಿಷ ಹಿಡಿಯಿತು. ಕುಡಿದು ಮುಗಿದ ತಕ್ಷಣ ಒಂದು ಮುಷ್ಟಿ ಕರುವಿನ ಹಿಂಡಿಯನ್ನು ಅದರ ಬಾಯಿಗೇ ಹಾಕಿದೆವು. ಅಗಿಯತೊಡಗಿತು, ಸೆರಗು ಮರೆಯಿತು. ನಾಲ್ಕೈದು ದಿನದಲ್ಲಿ ಚೀಪುವುದು ಮುಕ್ಕಾಲು ಪಾಲು ಇಳಿಯಿತು.

ನೀವೂ ನಿಮ್ಮ ಬಾಟಲಿಯನ್ನು ತಲೆಕೆಳಗು ಮಾಡಿ ನೋಡಿ. ಹಾಲು ಹನಿ ಹನಿಯಾಗಿ ಬೀಳಬೇಕು. ಧಾರೆಯಾಗಿ ಸುರಿದರೆ ನಿಪ್ಪಲ್ ಬದಲಿಸಿ.

ಇಷ್ಟೇ ಆಗಿದ್ದರೆ ಸಮಸ್ಯೆ ಸಣ್ಣದು. ಹಾಲು ಬಿಡಿಸಿದರೆ ಮುಗಿಯುತ್ತಿತ್ತು. ನನಗೆ ಜಾಸ್ತಿ ಚಿಂತೆ ಇರುವುದು ನಿಮ್ಮ ಕರು ಒಂಟಿಯಾಗಿ ಬೆಳೆದಿರುವ ಬಗ್ಗೆ. ಬೇರೆ ಕರು ಇದೆ ಎಂದು ನೀವು ಎಲ್ಲೂ ಬರೆದಿಲ್ಲ. ಜೊತೆಗೆ ಬೆಳೆಯುವ ಕರುಗಳು ಹಣೆಗೆ ಹಣೆ ಹಚ್ಚಿ ತಳ್ಳಾಡುತ್ತವೆ. ಎಷ್ಟು ತಳ್ಳಬೇಕು, ಯಾವಾಗ ಸೋತು ಪಕ್ಕಕ್ಕೆ ಸರಿಯಬೇಕು ಅನ್ನುವುದನ್ನು ಅಲ್ಲೇ ಕಲಿಯುತ್ತವೆ. ವಯಸ್ಸಾದ ಆಕಳ ಮೇವಿಗೆ ಬಾಯಿ ಹಾಕಿದರೆ ಅದು ಕೋಡು ತಿರುಗಿಸಿ ಒಂದು ಪೆಟ್ಟು ಕೊಡುತ್ತದೆ, ಕರು ಹಿಂದೆ ಸರಿಯುತ್ತದೆ. ದನದ ಜೊತೆ ದನವಾಗಿ ಬದುಕುವುದು ಹೀಗೆ ಬರುತ್ತದೆ. ಒಂಟಿ ಬಾಟಲಿ ಕರುವಿಗೆ ಈ ಶಾಲೆ ಸಿಗುವುದಿಲ್ಲ. ಅದರ ಪಾಲಿಗೆ ತಾಯಿಯೂ ನೀವೇ, ಓರಗೆಯ ಕರುವೂ ನೀವೇ. ದೊಡ್ಡದಾದ ಮೇಲೆ ಎದುರಾಳಿ ಹೋರಿಯೂ ಮನುಷ್ಯನೇ ಆಗುತ್ತಾನೆ.

ಇದು ನನ್ನ ಊಹೆ ಅಲ್ಲ. ಅಮೆರಿಕದಲ್ಲಿ ಪ್ರೈಸ್ ಮತ್ತು ವಾಲಾಕ್ ಎಂಬ ಇಬ್ಬರು ವಿಜ್ಞಾನಿಗಳು ಹೆರೆಫೋರ್ಡ್ ತಳಿಯ ಹೋರಿಗಳ ಮೇಲೆ ಇದನ್ನೇ ಪರೀಕ್ಷಿಸಿ 1990ರಲ್ಲಿ ಪ್ರಕಟಿಸಿದರು. ಮನುಷ್ಯರ ಕೈಯಲ್ಲಿ ಒಂಟಿಯಾಗಿ ಬೆಳೆದ ಹೋರಿಗಳು ದೊಡ್ಡದಾದ ಮೇಲೆ ಮನುಷ್ಯರ ಮೇಲೆ ಹೆಚ್ಚು ಹಾಯಲು ಬಂದವು. ಪಶುಗಳ ನಡವಳಿಕೆ ಬಗ್ಗೆ ಜಗತ್ತೆಲ್ಲ ಮಾತು ಕೇಳುವ ಟೆಂಪಲ್ ಗ್ರಾಂಡಿನ್ ಅವರೂ ಇದನ್ನೇ ಒತ್ತಿ ಹೇಳುತ್ತಾರೆ: ಹೋರಿಗರುವನ್ನು ಬೇರೆ ದನಗಳ ಜೊತೆ ಬೆಳೆಸಿ, ತಾನು ದನ ಎಂದು ಅದಕ್ಕೆ ಗೊತ್ತಾಗಬೇಕು. ಅಂದರೆ ನೀವು ಬಾಟಲಿ ಹಿಡಿದದ್ದಕ್ಕೆ ಮನಸ್ಸು ಚಿಕ್ಕದು ಮಾಡಿಕೊಳ್ಳಬೇಕಾಗಿಲ್ಲ. ಬಾಟಲಿ ಹಾಲು ಕುಡಿದೂ ನಾಲ್ಕು ಕರುಗಳ ಜೊತೆ ಬೆಳೆದದ್ದು ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ.

ನಾನು ಇದನ್ನು ಪುಸ್ತಕದಲ್ಲಿ ಓದುವ ಮೊದಲೇ ಮನೆಯಲ್ಲಿ ನೋಡಿದ್ದೆ. ರೋಣದ ಕಡೆ ನಮ್ಮೂರು. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಕಾಕಾ ಒಂದು ತಬ್ಬಲಿ ಹೋರಿಗರುವನ್ನು ಕೈಯಲ್ಲಿ ಬೆಳೆಸಿದರು. ದಿನಾ ಸಂಜೆ ಹೊಲದಿಂದ ಬಂದು ಅದರ ಹಣೆಗೆ ಅಂಗೈ ಒತ್ತುತ್ತಿದ್ದರು. ಅದು ತಳ್ಳುತ್ತಿತ್ತು, ಅವರು ತಳ್ಳುತ್ತಿದ್ದರು, ನಾವು ಹುಡುಗರು ಸುತ್ತ ನಿಂತು ಕೇಕೆ ಹಾಕುತ್ತಿದ್ದೆವು. ಎರಡೂವರೆ ವರ್ಷವಾದಾಗ ಒಂದು ಬೆಳಗ್ಗೆ ಕಾಕಾ ಗೋದಲಿಗೆ ಬಗ್ಗಿ ಕಣಿಕೆ ಹಾಕುತ್ತಿದ್ದರು. ಹೋರಿ ಹಿಂದಿನಿಂದ ಬಂದು ಅವರನ್ನು ಗೋಡೆಗೆ ಒತ್ತಿ ಹಿಡಿಯಿತು. ಎರಡು ಪಕ್ಕೆಲುಬು ಮುರಿದವು. ಹಾಸಿಗೆಯಲ್ಲಿ ಮಲಗಿದ್ದಾಗ ಅವರು ಹೇಳಿದ್ದು ನನಗೆ ಇನ್ನೂ ನೆನಪಿದೆ: "ಅದಕ್ಕ ಸಿಟ್ಟು ಬಂದಿರಲಿಲ್ಲೋ. ದಿನಾ ಆಡಿದ್ಹಂಗ ಆಡಾಕ ಬಂತು." ನಿಮ್ಮ ಮಗ ಬಿದ್ದ ಅಂತ ಓದಿದಾಗ ನನಗೆ ಮೊದಲು ನೆನಪಾದದ್ದು ಆ ಗೋಡೆ.

ಈಗ ಕೆಲಸಕ್ಕೆ ಬರೋಣ. ಮೊದಲನೆಯದು ಮಗನ ವಿಷಯ. ಇವತ್ತಿನಿಂದ ಅವನು ಒಬ್ಬನೇ ಕರುವಿನ ಹತ್ತಿರ ಹೋಗಬಾರದು. ದೊಡ್ಡವರು ಜೊತೆಗಿದ್ದರೂ ಕರು ಕಟ್ಟಿರಬೇಕು, ಇವನು ಅದರ ತಲೆ ಮುಟ್ಟದ ದೂರದಲ್ಲಿರಬೇಕು. ಓಣಿಯ ಹುಡುಗರಿಗೂ ಇದೇ ಮಾತು. ಮಕ್ಕಳು ಓಡಿದರೆ ಕರು ಬೆನ್ನಟ್ಟುತ್ತದೆ, ಬೆನ್ನಟ್ಟುವುದನ್ನು ಕಲಿತರೆ ಬಿಡಿಸುವುದು ಕಷ್ಟ.

ಆಮೇಲೆ ಹಾಲು ಬಿಡಿಸಿ. ಕರು ದಿನಕ್ಕೆ 1 ಕೆ.ಜಿ. ಹತ್ತಿರ ಹಿಂಡಿಯನ್ನು ಸತತ ಮೂರು ದಿನ ತಿಂದರೆ ಹಾಲು ಬಿಡಿಸಬಹುದು ಅನ್ನುವುದು ನಾವು ಹೇಳುವ ಲೆಕ್ಕ. ಸಾಮಾನ್ಯವಾಗಿ ಎರಡು ಎರಡೂವರೆ ತಿಂಗಳಿಗೆ ಕರು ಅಲ್ಲಿಗೆ ಬರುತ್ತದೆ. ನಿಮ್ಮದಕ್ಕೆ ನಾಲ್ಕು ತಿಂಗಳು, ಮೆಲುಕು ಹಾಕುತ್ತಿರಬೇಕು. ಹಾಗಿದ್ದರೆ ಅದಕ್ಕೆ ಹಾಲು ಬೇಕಾಗಿಲ್ಲ. ಆದರೆ ದಿಢೀರನೆ ನಿಲ್ಲಿಸಬೇಡಿ. ಮೊದಲ ಮೂರು ದಿನ ಸಂಜೆಯ ಬಾಟಲಿಯನ್ನು ಅರ್ಧಕ್ಕೆ ಇಳಿಸಿ, ಆಮೇಲೆ ಪೂರ್ತಿ ನಿಲ್ಲಿಸಿ. ಬೆಳಗಿನದನ್ನು ಎರಡು ದಿನಕ್ಕೊಮ್ಮೆ ಅರ್ಧ ಲೀಟರ್ ಕಡಿಮೆ ಮಾಡುತ್ತಾ ಬನ್ನಿ. ಹತ್ತು ಹನ್ನೆರಡು ದಿನಕ್ಕೆ ಮುಗಿಯುತ್ತದೆ. ಆ ದಿನಗಳಲ್ಲಿ ಹಿಂಡಿ, ಎಳೆ ಹಸಿಮೇವು, ಶೇಂಗಾ ಹೊಟ್ಟು, ಸಣ್ಣಗೆ ಕತ್ತರಿಸಿದ ಕಣಿಕೆ ಚೆನ್ನಾಗಿ ಸಿಗಬೇಕು. ಬಕೆಟ್ಟಿನಲ್ಲಿ ನೀರು ಇಡೀ ದಿನ ಇರಬೇಕು.

ಈ ಹನ್ನೆರಡು ದಿನವೂ ಬಾಟಲಿ ನಿಮ್ಮ ಕೈಯಲ್ಲಿ ಇರಬಾರದು. ಗೋದಲಿಯ ಪಕ್ಕ ಒಂದು ಅಡ್ಡ ಕಟ್ಟಿಗೆ ಬಿಗಿದು, ಬಾಟಲಿಯನ್ನು ಓರೆಯಾಗಿ ಅದಕ್ಕೆ ಕಟ್ಟಿ. ನಿಪ್ಪಲ್ ಆಕಳ ಮೊಲೆಯ ಎತ್ತರದಲ್ಲಿರಲಿ, ಕುಡಿಯುವಾಗ ಕರುವಿನ ಕುತ್ತಿಗೆ ಮುಂದಕ್ಕೆ, ಸ್ವಲ್ಪ ಮೇಲಕ್ಕೆ ಚಾಚಬೇಕು. ಬಾಟಲಿ ಕಟ್ಟುವಾಗ ಕರು ಅಲ್ಲಿರಬಾರದು. ಕಟ್ಟಿದ ಮೇಲೆ ಕರುವನ್ನು ಬಿಡಿ, ನೀವು ಗೋದಲಿಯ ಆ ಕಡೆ ಹೋಗಿ. ಹಾಲು ಬರುವುದು ಕಟ್ಟಿಗೆಯಿಂದ, ಅವ್ವನ ಸೊಂಟದಿಂದ ಅಲ್ಲ ಅಂತ ಅದಕ್ಕೆ ಗೊತ್ತಾಗಲಿ. ಬೆರಳು ಚೀಪಿಸುವುದು ಇವತ್ತೇ ನಿಲ್ಲಲಿ.

ಒದರುವುದು ಇದ್ದೇ ಇರುತ್ತದೆ. ಬಾಟಲಿ ಪೂರ್ತಿ ನಿಂತ ಮೇಲೆ ಎರಡು ಮೂರು ದಿನ ಜೋರಾಗಿ ಒದರುತ್ತದೆ. ಓಣಿಯವರಿಗೆ ಮೊದಲೇ ಹೇಳಿಡಿ. ಹೊಟ್ಟೆ ತುಂಬಿದೆ, ನೀರು ಕುಡಿದಿದೆ ಎಂದು ಖಾತ್ರಿ ಮಾಡಿಕೊಂಡು ಗಟ್ಟಿಯಾಗಿರಿ. ಮೂರನೇ ದಿನ ರಾತ್ರಿ ಕನಿಕರ ಬಂದು ಅರ್ಧ ಬಾಟಲಿ ಕೊಟ್ಟರೆ, ಮೂರು ದಿನ ಒದರಿದರೆ ಹಾಲು ಬರುತ್ತದೆ ಅಂತ ಕಲಿಸಿದಂತಾಗುತ್ತದೆ. ಮುಂದಿನ ಸಲ ಆರು ದಿನ ಒದರುತ್ತದೆ. ಸಾಧ್ಯವಿದ್ದರೆ ಆ ಮೂರು ನಾಲ್ಕು ದಿನ ನೀವು ಅದರ ಕಣ್ಣಿಗೆ ಬೀಳದೆ, ಬೇರೆಯವರು ಮೇವು ಹಾಕಲಿ. ನಿಮ್ಮನ್ನು ಕಂಡರೇ ಅದಕ್ಕೆ ಹಾಲು ನೆನಪಾಗುತ್ತದೆ.

ಇನ್ನು ಜೊತೆ. ಇದನ್ನು ತಪ್ಪಿಸಬೇಡಿ. ಬೇರೆ ದನ ಇಲ್ಲದಿದ್ದರೆ ಅಕ್ಕಪಕ್ಕದ ಮನೆಯವರ ಹತ್ತಿರ ಮಾತಾಡಿ. ಹಗಲು ಹೊತ್ತು ನಿಮ್ಮ ಕರು ಅವರ ದನಗಳ ಜೊತೆ ಇರಲಿ, ಅಥವಾ ಅವರ ಕರು ನಿಮ್ಮಲ್ಲಿಗೆ ಬರಲಿ. ಒಂದೇ ವಯಸ್ಸಿನ ಒಂದು ಕರು, ಶಾಂತವಾದ ಒಂದು ಹಿರಿ ಆಕಳು ಸಿಕ್ಕರೆ ಅದಕ್ಕಿಂತ ಒಳ್ಳೆಯದು ಇಲ್ಲ. ಬಿಡುವ ಮೊದಲು ನಾಲ್ಕೈದು ದಿನ ಮುಖ ಕಾಣುವಷ್ಟು, ಗುದ್ದಾಡಲಾರದಷ್ಟು ದೂರದಲ್ಲಿ ಕಟ್ಟಿ. ಆಮೇಲೆ ಅಗಲವಾದ ಜಾಗದಲ್ಲಿ ಬಿಡಿ, ಮೂಲೆಗೆ ಸಿಕ್ಕಿಕೊಳ್ಳಬಾರದು. ಹಿರಿ ಆಕಳು ಒಂದೆರಡು ಸಲ ಗುದ್ದಿ ಓಡಿಸುತ್ತದೆ. ನಿಮ್ಮ ಅತ್ತೆಗೆ ಸಂಕಟ ಆಗಬಹುದು. ಸುಮ್ನೆ ನೋಡಿ, ನಡುವೆ ಹೋಗಬೇಡಿ. ಗಾಯವಾಗುವ ಹಾಗಿದ್ದರೆ ಮಾತ್ರ ಬಿಡಿಸಿ. ಒಂದು ಎಚ್ಚರ: ಬಂದ ಕರುವಿನ ಹೊಕ್ಕಳು, ಕಿವಿ, ಮೊಲೆಗೆ ನಿಮ್ಮದು ಬಾಯಿ ಹಾಕಬಹುದು. ಹಾಲು ಕುಡಿದ ಮೇಲೆ ಹದಿನೈದು ನಿಮಿಷ ಬೇರೆ ಕಟ್ಟಿ ಮೇವು ಹಾಕಿದರೆ ಅದು ತಪ್ಪುತ್ತದೆ. ಹೆಣ್ಣು ಕರುವಿನ ಮೊಲೆ ಚೀಪಿಸಿಕೊಂಡರೆ ಮುಂದೆ ಆ ಮೊಲೆ ಕೆಟ್ಟು ಹಾಲು ಬಾರದೆ ಹೋಗಬಹುದು, ಅದಕ್ಕೆ ಹೇಳಿದೆ.

ಈಗ ಮನುಷ್ಯರ ನಡೆ. ಬಹಳ ಜನ ತಪ್ಪುವುದು ಇಲ್ಲೇ. ಕರು ತಲೆ ತಗ್ಗಿಸಿ ಬಂದಾಗ ನೀವು ಏನು ಮಾಡುತ್ತೀರಿ? ಹಿಂದೆ ಸರಿಯುತ್ತೀರಿ. ಅಥವಾ ಎರಡೂ ಕೈಯಿಂದ ಅದರ ಹಣೆ ಹಿಡಿದು ತಳ್ಳುತ್ತೀರಿ. ಹಿಂದೆ ಸರಿದರೆ ಅದು ಗೆದ್ದಿತು. ಹಣೆ ಹಿಡಿದು ತಳ್ಳಿದರೆ ಆಟ ಶುರುವಾಯಿತು. ಎರಡೂ ಅದಕ್ಕೆ ಇಷ್ಟವೇ. ಹಣೆಯನ್ನು ಯಾರೂ ಮುಟ್ಟಬಾರದು. ತಳ್ಳಬಾರದು, ತುರಿಸಲೂಬಾರದು.

ಅದರ ಬದಲು, ದನದ ಮನೆಗೆ ಹೋಗುವಾಗ ಕೈಯಲ್ಲಿ ನಾಲ್ಕು ಅಡಿಯ ಒಂದು ಹಗುರ ಕೋಲು ಅಥವಾ ಪ್ಲಾಸ್ಟಿಕ್ ಪೈಪಿನ ತುಂಡು ಇರಲಿ. ಇದು ಹೊಡೆಯಲು ಅಲ್ಲ, ನಿಮ್ಮ ಕೈ ಉದ್ದವಾಯಿತು ಅಂದುಕೊಳ್ಳಿ. ಕರು ಒಂದು ಮಾರು ದೂರಕ್ಕೆ ಬಂದಾಗಲೇ ಕೋಲನ್ನು ಅಡ್ಡ ಹಿಡಿದು, ಗಟ್ಟಿ ದನಿಯಲ್ಲಿ ಒಂದೇ ಒಂದು ಶಬ್ದ ಹೇಳಿ. "ಹೋಯ್" ಅಂತಿರಲಿ, ಅಥವಾ "ಸರಿ ಹಿಂದಕ್ಕ". ಎಲ್ಲರೂ ಅದೇ ಶಬ್ದ ಬಳಸಬೇಕು. ಆದರೂ ಮುಂದೆ ಬಂದರೆ ಎದುರಿಗೆ ನಿಲ್ಲಬೇಡಿ. ಅದರ ಭುಜದ ಪಕ್ಕಕ್ಕೆ ಸರಿದು, ಕೋಲಿನ ತುದಿಯಿಂದ ಕುತ್ತಿಗೆಯ ಬದಿಗೆ ಒತ್ತಿ ತಲೆಯನ್ನು ಆ ಕಡೆ ತಿರುಗಿಸಿ. ತಲೆ ಆ ಕಡೆ ತಿರುಗಿದ ದನ ಗುದ್ದಲಾರದು. ನೀವು ನಿಂತ ಜಾಗ ಬಿಡಬೇಡಿ, ಅದು ಒಂದು ಹೆಜ್ಜೆ ಆ ಕಡೆ ಹೋಗಲಿ. ಹೋದ ಆ ಕ್ಷಣಕ್ಕೆ ಕೋಲು ಇಳಿಸಿ, ಒತ್ತುವುದು ನಿಲ್ಲಿಸಿ. ಅಲ್ಲೇ ಅದು ಕಲಿಯುವುದು. ತಳ್ಳಿದರೆ ಏನೂ ಸಿಗಲಿಲ್ಲ, ಸರಿದರೆ ನೆಮ್ಮದಿ ಸಿಕ್ಕಿತು.

ಹಿಂಡಿ ಹಾಕುವಾಗಲೂ ಹೀಗೇ. ಬುಟ್ಟಿ ಕಂಡು ನುಗ್ಗಿ ಬಂದರೆ ಬುಟ್ಟಿ ಹಿಡಿದು ನಿಂತುಬಿಡಿ. ಅದು ಒಂದು ಹೆಜ್ಜೆ ಹಿಂದೆ ಸರಿದು, ತಲೆ ಸಡಿಲ ಬಿಟ್ಟು ನಿಂತಾಗ ಗೋದಲಿಗೆ ಸುರಿಯಿರಿ. ಮೊದಲ ದಿನ ಹತ್ತು ನಿಮಿಷ ಬೇಕಾದೀತು. ನಾಲ್ಕನೇ ದಿನಕ್ಕೆ ಬುಟ್ಟಿ ಕಂಡರೆ ತಾನೇ ಹಿಂದೆ ಸರಿಯುವ ಕರುಗಳನ್ನು ನೋಡಿದ್ದೇನೆ. ದನ ಬಹಳ ಬೇಗ ಕಲಿಯುತ್ತದೆ. ಆದರೆ ಮನೆಯಲ್ಲಿ ಒಬ್ಬರು ಹೀಗೆ, ಒಬ್ಬರು ಹಾಗೆ ಮಾಡಿದರೆ ಅದು ಕಲಿಯುವುದು ಬೇರೆ: ಯಾರನ್ನು ತಳ್ಳಬಹುದು, ಯಾರನ್ನು ತಳ್ಳಬಾರದು ಅಂತ. ತಳ್ಳಬಹುದಾದವರು ಅತ್ತೆ ಮತ್ತು ಮಗ ಆಗುತ್ತಾರೆ.

ಯಜಮಾನರ ಬಾರುಕೋಲಿನ ಬಗ್ಗೆ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ, ಮಗ ಬಿದ್ದಿದ್ದಾನೆ. ಆದರೆ ಹೊಡೆತ ಎರಡು ರೀತಿ ಕೆಡಿಸುತ್ತದೆ. ಹಣೆಗೆ, ಮೂತಿಗೆ ಹೊಡೆದರೆ ಅದನ್ನೂ ಕರು ಗುದ್ದಾಟ ಎಂದೇ ತಿಳಿಯುತ್ತದೆ. ಸಂಜೆ ಮನೆಗೆ ಬಂದು ಬೆಳಗಿನ ತಪ್ಪಿಗೆ ಹೊಡೆದರೆ ಯಾಕೆ ಪೆಟ್ಟು ಬಿತ್ತು ಅಂತ ಅದಕ್ಕೆ ಗೊತ್ತೇ ಆಗುವುದಿಲ್ಲ. ಮನುಷ್ಯ ಬಂದರೆ ನೋವು ಅನ್ನುವುದಷ್ಟೇ ಉಳಿಯುತ್ತದೆ. ಮನುಷ್ಯರ ಭಯವೇ ಇಲ್ಲದ ಹೋರಿ ಒಂದು ಅಪಾಯ. ಭಯದಿಂದ ಮೂಲೆಗೆ ಸೇರಿ ತಿರುಗಿ ಬೀಳುವ ಹೋರಿ ಅದಕ್ಕಿಂತ ಕಡಿಮೆ ಅಪಾಯ ಏನಲ್ಲ. ಅವರ ಕೈಗೆ ಬೇರೆ ಕೆಲಸ ಕೊಡಿ. ದಿನಾ ಹತ್ತು ನಿಮಿಷ ಕರುವಿನ ಮುಖಕ್ಕೆ ಮೆತ್ತನೆಯ ನೂಲಿನ ಹಗ್ಗ ಹಾಕಿ ನಡೆಸಲಿ. ಹಗ್ಗ ಸ್ವಲ್ಪ ಬಿಗಿ ಹಿಡಿಯಬೇಕು, ಒಂದು ಹೆಜ್ಜೆ ಬಂದ ತಕ್ಷಣ ಸಡಿಲ ಬಿಡಬೇಕು. ನಿಲ್ಲು ಅಂದರೆ ನಿಲ್ಲಬೇಕು. ಕರು ಅವರನ್ನು ದಾಟಿ ಮುಂದೆ ಹೋಗಬಾರದು. ಎತ್ತು ಪಳಗಿಸಿದವರಿಗೆ ಇದು ಹೊಸದೇನಲ್ಲ. ಮೂಗುದಾರಕ್ಕೆ ಈಗ ಅವಸರ ಬೇಡ, ಮೂಗು ಇನ್ನೂ ಎಳೆಯದು.

ಅತ್ತೆಯವರ ಪ್ರೀತಿಯನ್ನು ನಿಲ್ಲಿಸಬೇಡಿ, ಅದಕ್ಕೆ ಜಾಗ ಬದಲಿಸಿ. ರೊಟ್ಟಿ ಕೈಯಿಂದ ಬೇಡ. ಗೋದಲಿಗೆ ಹಾಕಲಿ, ಅದೂ ಒಂದು ತುಂಡು. ಉಳಿದ ರೊಟ್ಟಿ, ಅನ್ನ ಜಾಸ್ತಿ ಹಾಕಿದರೆ ಹೊಟ್ಟೆ ಕೆಡುತ್ತದೆ. ಕರು ಕಟ್ಟಿದ್ದಾಗ, ಸಮಾಧಾನವಾಗಿದ್ದಾಗ, ಬದಿಯಲ್ಲಿ ನಿಂತು ಗಂಗೆದೊಗಲು, ಕುತ್ತಿಗೆಯ ಕೆಳಭಾಗ, ಭುಜ ತಿಕ್ಕಲಿ. ದನಗಳು ಒಂದನ್ನೊಂದು ನೆಕ್ಕುವುದು ಹೆಚ್ಚಾಗಿ ತಲೆ, ಕುತ್ತಿಗೆಯ ಆಸುಪಾಸಿನಲ್ಲೇ. ಕುತ್ತಿಗೆಯ ಕೆಳಗೆ ತಿಕ್ಕಿದರೆ ಕರು ಕತ್ತು ಚಾಚಿ, ಕಿವಿ ಜೋಲು ಬಿಟ್ಟು, ಕಣ್ಣು ಅರ್ಧ ಮುಚ್ಚುತ್ತದೆ. ಒಮ್ಮೆ ಅತ್ತೆಗೆ ತೋರಿಸಿ. ಅದನ್ನು ನೋಡಿದ ಮೇಲೆ ಅವರು ಹಣೆ ಮುಟ್ಟಲಿಕ್ಕಿಲ್ಲ. ಗುದ್ದಲು ಶುರು ಮಾಡಿದ ಕೂಡಲೇ ಕೈ ತೆಗೆದು ಎದ್ದು ಹೋಗಬೇಕು ಅನ್ನುವುದನ್ನೂ ಹೇಳಿ.

ಇದರ ನಡುವೆ ಆರೋಗ್ಯವನ್ನೂ ಒಮ್ಮೆ ನೋಡಿಸಿ. ಹೊಟ್ಟೆ ಡೊಳ್ಳಾಗಿ ಪಕ್ಕೆ ಕಾಣುತ್ತಿದ್ದರೆ, ಕೂದಲು ಒರಟಾಗಿದ್ದರೆ ಜಂತುಹುಳು ಇರಬಹುದು. ಸಗಣಿ ಪರೀಕ್ಷೆ ಮಾಡಿಸಿ ತೂಕಕ್ಕೆ ತಕ್ಕ ಔಷಧಿ ಕೊಡಿಸಿ. ತಕ್ಕಡಿ ಇಲ್ಲದಿದ್ದರೆ ಟೇಪಿನಲ್ಲಿ ಎದೆಯ ಸುತ್ತಳತೆ, ಭುಜದ ಮುಂತುದಿಯಿಂದ ಪೃಷ್ಠದ ಎಲುಬಿನವರೆಗಿನ ಉದ್ದ, ಎರಡನ್ನೂ ಇಂಚಿನಲ್ಲಿ ಅಳೆಯಿರಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಕೆ.ಜಿ. ಅಂದಾಜು ಸಿಗುತ್ತದೆ. ಗೋಡೆ, ಮಣ್ಣು ನೆಕ್ಕುತ್ತಿದ್ದರೆ ಖನಿಜ ಮಿಶ್ರಣ, ಉಪ್ಪು ಬೇಕು.

ಇನ್ನೊಂದು ಮಾತು, ಇದು ನಿಮ್ಮ ಕರುವಿಗೆ ಅನ್ವಯಿಸದಿದ್ದರೂ ಓದುವ ಎಲ್ಲರಿಗೂ. ನಿಮ್ಮದು ತಿಂಗಳಿಂದ ನಿಧಾನವಾಗಿ ಜಾಸ್ತಿಯಾದ ಚಟ. ಆದರೆ ನಿನ್ನೆಯವರೆಗೆ ಸುಮ್ಮನಿದ್ದ ದನ ಇವತ್ತು ಏಕಾಏಕಿ ಹಾಯಲು ಬಂದರೆ, ಜೊಲ್ಲು ಸುರಿಸಿದರೆ, ದನಿ ಬದಲಾಗಿ ಒದರಿದರೆ, ನೀರು ಮೇವು ನುಂಗಲು ಆಗದಿದ್ದರೆ ಬಾಯಿಗೆ ಕೈ ಹಾಕಬೇಡಿ. ಹುಚ್ಚು ನಾಯಿ ಕಡಿದಿರಬಹುದು. ದೂರ ಕಟ್ಟಿ, ಮಕ್ಕಳನ್ನು ಒಳಗೆ ಕರೆದುಕೊಂಡು, ಪಶು ಆಸ್ಪತ್ರೆಗೆ ಅಥವಾ 1962ಕ್ಕೆ ಫೋನ್ ಮಾಡಿ. ಜೊಲ್ಲು ತಾಗಿದವರು ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು.

ಮೈದುನನ ಹಬ್ಬದ ಹೋರಿಯ ಆಸೆಗೆ ನನ್ನ ಉತ್ತರ ಬೇಡ ಅಂತಲೇ. ಹಾವೇರಿ ಜಿಲ್ಲೆಯಲ್ಲಿ ಕೊಬ್ಬರಿ ಹೋರಿಗೆ ಇರುವ ಮರ್ಯಾದೆ ನನಗೆ ಗೊತ್ತು. ದೀಪಾವಳಿ ಹೊತ್ತಿಗೆ ಕೊಬ್ಬರಿ ಸರ ಕಟ್ಟಿದ ಹೋರಿ ಸಾವಿರಾರು ಜನರ ನಡುವೆ ಸಂದು ಹುಡುಕಿ, ಯಾರ ಕೈಗೂ ಸಿಗದೆ ಪಾರಾಗುವುದನ್ನು ನಾನೂ ನಿಂತು ನೋಡಿದವನು. ಒಳ್ಳೆಯ ಹೋರಿ ಜನರಿಂದ ತಪ್ಪಿಸಿಕೊಂಡು ಓಡುತ್ತದೆ. ಕೈಯಲ್ಲಿ ಒಂಟಿಯಾಗಿ ಬೆಳೆದದ್ದು ಜನರಿಂದ ಯಾಕೆ ಓಡಬೇಕು? ಅದು ಜನರ ಮೇಲೆಯೇ ಬರುತ್ತದೆ. ಆ ಸ್ಪರ್ಧೆಗಳಲ್ಲಿ ಪ್ರಾಣ ಹೋದ ಉದಾ­ಹರಣೆಗಳು ನಮ್ಮ ಕಣ್ಣ ಮುಂದೆ ಇವೆ. ಮೈದುನನಿಗೆ ಹೋರಿ ಕಟ್ಟಲೇಬೇಕು ಅಂತಿದ್ದರೆ ತಾಯಿ ಹಾಲು ಕುಡಿದು, ನಾಲ್ಕು ದನದ ಜೊತೆ ಬೆಳೆದ ಕರು ನೋಡಿಕೊಳ್ಳಲಿ.

ಇದನ್ನು ಎತ್ತು ಮಾಡಿ. ಬೀಜ ಒಡೆಸುವುದನ್ನು ನಮ್ಮಲ್ಲಿ ಎರಡು ಮೂರು ವರ್ಷದವರೆಗೆ ತಡ ಮಾಡುತ್ತಾರೆ. ಬೇಗ ಒಡೆಸಿದರೆ ಇಣಿ, ಕುತ್ತಿಗೆ ಅಷ್ಟು ಬೆಳೆಯುವುದಿಲ್ಲ ಅನ್ನುತ್ತಾರೆ, ಆ ಮಾತಿನಲ್ಲಿ ಸತ್ಯ ಇದೆ. ಬೇರೆ ಕರುವಾಗಿದ್ದರೆ ನಾನೂ ಕಾಯಿರಿ ಅನ್ನುತ್ತಿದ್ದೆನೇನೋ. ಆದರೆ ಮನೆಯಲ್ಲಿ ಸಣ್ಣ ಮಗು, ಕೈಯಲ್ಲಿ ಒಂಟಿಯಾಗಿ ಬೆಳೆದ ಹೋರಿ. ಇಲ್ಲಿ ನಾನು ಕುತ್ತಿಗೆಯ ದಪ್ಪ ನೋಡುವುದಿಲ್ಲ. ಈ ತಿಂಗಳೇ ಪಶುವೈದ್ಯರನ್ನು ಕರೆಸಿ ತೋರಿಸಿ. ವಯಸ್ಸು, ತೂಕ ನೋಡಿ ದಿನ ಗೊತ್ತು ಮಾಡುತ್ತಾರೆ. ನೋವು ತಿಳಿಯದ ಇಂಜೆಕ್ಷನ್ ಕೊಟ್ಟು ವೈದ್ಯರೇ ಮಾಡಬೇಕು. ಕಲ್ಲು, ಕಟ್ಟಿಗೆಯಿಂದ ಜಜ್ಜುವವರ ಕೈಗೆ ದಯವಿಟ್ಟು ಕೊಡಬೇಡಿ. ಒಡೆಸಿದ ಮಾತ್ರಕ್ಕೆ ಗುದ್ದುವ ಚಟ ಹೋಗುವುದಿಲ್ಲ, ಮೇಲೆ ಹೇಳಿದ ಕಲಿಕೆ ಬೇಕೇ ಬೇಕು. ಆದರೆ ಒಂದೂವರೆ ಎರಡು ವರ್ಷಕ್ಕೆ ಬರುವ ಹೋರಿತನದ ಏರು ಬರುವುದಿಲ್ಲ. ಅದು ಬಂದ ಹೋರಿ ತಲೆ ತಗ್ಗಿಸಿ, ಮೈಯನ್ನು ಅಡ್ಡ ತಿರುಗಿಸಿ ತನ್ನ ಗಾತ್ರ ತೋರಿಸುತ್ತದೆ, ಮುಂಗಾಲಿನಿಂದ ಮಣ್ಣು ಕೆರೆಯುತ್ತದೆ, ಒಳದನಿಯಲ್ಲಿ ಗುಟುರು ಹಾಕುತ್ತದೆ. ಯಾವ ಹೋರಿಯಲ್ಲಾದರೂ ಇದನ್ನು ಕಂಡರೆ ಬೆನ್ನು ತಿರುಗಿಸದೆ, ಓಡದೆ, ನಿಧಾನವಾಗಿ ಬದಿಗೆ ಸರಿದು ಬೇಲಿಯ ಆಚೆ ಹೋಗಬೇಕು.

ಹಾಲು ನಿಂತು ಮೂರು ವಾರವಾದ ಮೇಲೆ ಕರುವನ್ನು ಹೀಗೆ ನೋಡಿ. ಬುಟ್ಟಿ ಹಿಡಿದು ಒಳಗೆ ಹೋದಾಗ ಹಿಂದೆ ಸರಿದು ಕಾಯುತ್ತದೆಯಾ? "ಹೋಯ್" ಅಂದರೆ ತಲೆ ತಿರುಗಿಸುತ್ತದೆಯಾ? ಬಿಟ್ಟಾಗ ನಿಮ್ಮ ಹಿಂದೆ ಬರುವುದಕ್ಕಿಂತ ದನಗಳ ಹತ್ತಿರ ಹೋಗಿ ನಿಲ್ಲುತ್ತದೆಯಾ? ಮೂರಕ್ಕೂ ಹೌದು ಅಂದರೆ ಇಟ್ಟುಕೊಳ್ಳಿ, ಮುಂದೆ ಕಾರಹುಣ್ಣಿಮೆಗೆ ಕೋಡಿಗೆ ಬಣ್ಣ ಹಚ್ಚಿ ಮೆರೆಸುವ ಎತ್ತಾಗುತ್ತದೆ. ಮೊದಲ ಎರಡಕ್ಕೆ ಇಲ್ಲ ಅಂದರೆ ಮನೆಯಲ್ಲಿ ಯಾರೋ ಗುಟ್ಟಾಗಿ ಕೈಯಿಂದ ತಿನ್ನಿಸುತ್ತಿದ್ದಾರಾ ಅಂತ ಮೊದಲು ವಿಚಾರಿಸಿ, ಇನ್ನೊಂದು ತಿಂಗಳು ನಡೆಸಿ. ಆಗಲೂ ತಲೆ ತಗ್ಗಿಸಿಯೇ ಬರುತ್ತಿದ್ದರೆ ಮಾರುವ ವಿಚಾರ ಮಾಡಬಹುದು. ಬೀಜ ಒಡೆಸಿದ ಮೇಲೆ, ಸಣ್ಣ ಮಕ್ಕಳಿಲ್ಲದ, ದನ ಜಾಸ್ತಿ ಇರುವ ಮನೆಗೆ ಕೊಡಿ. "ಇದು ಬಾಟಲಿ ಕರು, ಗುದ್ದುತ್ತದೆ" ಅಂತ ಕೊಳ್ಳುವವರಿಗೆ ಬಾಯಿಬಿಟ್ಟು ಹೇಳಿ. ಸಂತೆಯಲ್ಲಿ ಸಾವಿರ ರೂಪಾಯಿ ಕಡಿಮೆ ಬಂದರೂ ಹೇಳಿ.